ನಿಂಬೆಯೆಲೆಯ ಬೂಸ್ಟು

ಮಾರ್ಚ್ 3, ಸೋಮವಾರ

ಮೈ ಉರಿಯುತ್ತಿದೆ. ಮನೆಯಲ್ಲಿ ಹೇಳಿದರೆ ಮನೆಯವರು ಪೇಪರಿನ ಹಿಂದೆ ಅಡಗುತ್ತಾರೆ, ಅತ್ತೆಗೆ ಹೇಳಿದರೆ ನಗುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಕಾಗದಕ್ಕೆ ನಗು ಬರುವುದಿಲ್ಲ.

ಸಸ್ಯರೋಗ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತು ಇಪ್ಪತ್ತೆಂಟು ವರ್ಷವಾಯಿತು. ಯಾವ ತೋಟದ ಯಾವ ಎಲೆ ಬಂದರೂ ಅದರಲ್ಲಿ ಬೆಳೆದಿರುವ ಶಿಲೀಂಧ್ರ ಯಾವ ಕುಲದ್ದು, ಯಾವ ಜಾತಿಯದು ಎಂದು ಹೇಳುವುದು ನನ್ನ ಕೆಲಸ. ಶಿಲೀಂಧ್ರ ಎನ್ನುವುದು ವರದಿಯ ಮಾತು. ನನ್ನ ಬಾಯಲ್ಲಿ ಅದು ಬೂಸ್ಟು.

ಕಳೆದ ತಿಂಗಳು ಊರಾಚೆಯ ಒಂದು ನರ್ಸರಿಯಿಂದ ನಿಂಬೆಸಸಿಯ ಎಲೆ ಬಂತು. ಎಲೆ ತುಂಬ ಕಂದು ಚುಕ್ಕೆ. ಚುಕ್ಕೆಯ ಅಂಚು ಕತ್ತರಿಸಿ, ತೊಳೆದು, ಗಾಜಿನ ತಟ್ಟೆಯಲ್ಲಿಟ್ಟು ಬೆಳೆಸಿದೆ. ಕಪ್ಪುಹಸಿರು ಬೂಸ್ಟು ಬಂತು. ಅದರ ಬೀಜಕಣ ನೋಡಿದೆ: ಮೊಟ್ಟೆಯಾಕಾರ, ತುದಿಯಲ್ಲೊಂದು ಸಣ್ಣ ಬಾಲ, ಸುತ್ತ ದಪ್ಪನೆಯ ಲೋಳೆಯ ಕವಚ. ನಮ್ಮ ಫ್ರಿಜ್ಜಿನಲ್ಲಿ ಗುರುಗಳು ಬೆಳೆಸಿಟ್ಟುಹೋದ ಮಾದರಿ ನಳಿಕೆಯಿದೆ. ಅದರ ಮೇಲೆ ಅವರದೇ ಅಕ್ಷರದಲ್ಲಿ ಕಪ್ಪುಚುಕ್ಕೆ ರೋಗದ ಬೂಸ್ಟಿನ ಹೆಸರಿದೆ. ಅದರಿಂದ ಸ್ವಲ್ಪ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಬ್ಬ ತಾಯಿಯ ಮಕ್ಕಳ ಹಾಗಿದ್ದವು. ಸಹಿ ಹಾಕಿದೆ.

ಕಪ್ಪುಚುಕ್ಕೆ ಎಂದರೆ ತೋಟದಿಂದ ತೋಟಕ್ಕೆ ಹಬ್ಬಿ ಹಣ್ಣೆಲ್ಲ ಉದುರಿಸುವ ಕೇಡಿ. ನಮ್ಮ ನಿಯಮದಲ್ಲಿ ಅದಕ್ಕೆ ಒಂದೇ ಮದ್ದು. ಸಸಿಗಳನ್ನೂ, ಕಸಿಗೆ ಕಡ್ಡಿ ಕೊಟ್ಟ ತಾಯಿಮರಗಳನ್ನೂ ಸುಡಬೇಕು. ಮಾರ್ಚ್ 28ಕ್ಕೆ ದಿನ ಗೊತ್ತಾಯಿತು, ನರ್ಸರಿಗೆ ಬೀಗ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು.

ಇವತ್ತು ಮೇಲಿನ ಮಹಡಿಯ ಜೀನ್ ಕೋಣೆಯವಳು ಒಂದು ಹಾಳೆ ಹಿಡಿದು ಇಳಿದು ಬಂದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಜೀನಿನಲ್ಲಿರುವ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ ಬಿಟ್ಟು ಬೇರೇನೂ ಓದಿದ್ದನ್ನು ನಾನು ಕಂಡಿಲ್ಲ. ಅವಳಿಗೆ ನಾಲ್ಕಕ್ಷರದವಳು ಎಂದು ಹೆಸರಿಟ್ಟಿದ್ದೇನೆ.

“ಮೇಡಂ, ಆ ನಿಂಬೆ ಮಾದರಿ ಯಂತ್ರದಲ್ಲಿ ಓದ್ಸಿದೆ. ಅದು ಕಪ್ಪುಚುಕ್ಕೆ ಅಲ್ಲ ಅನ್ಸುತ್ತೆ. ಅದರ ದಾಯಾದಿ.”

“ಯಾರು ಹೇಳಿದ್ರು ಓದ್ಸೋಕೆ?”

“ಈ ವರ್ಷದಿಂದ ಎಲ್ಲ ಮಾದರಿನೂ ಓದಿಸ್ಬೇಕಲ್ವಾ.”

“ದಾಯಾದಿ ಅಂದ್ರೆ?”

“ಎಲೆಯೊಳಗೆ ಸುಮ್ನೆ ಇದ್ದುಬಿಡುತ್ತೆ. ಗಿಡಕ್ಕೆ ಏನೂ ಮಾಡಲ್ಲ. ನೋಡೋಕೆ ಇಬ್ಬರೂ ಒಂದೇ ಥರ.”

“ಒಂದೇ ಥರ ಅಂದ್ರೆ ನಿನಗೆ ನೋಡೋಕೆ ಬರಲ್ಲ ಅಂತ,” ಎಂದೆ. ಹಾಳೆಯನ್ನು ಮೇಜಿನ ಮೇಲಿಟ್ಟು ಹೋದಳು. ಅದರ ಮೇಲೆ ಟೀ ಲೋಟ ಇಟ್ಟೆ.

ಯಂತ್ರಕ್ಕೇನು ಗೊತ್ತು? ಹದಿಮೂರು ವರ್ಷದ ಹಿಂದೆ ಒಬ್ಬನ ನಿಂಬೆತೋಟದ ಎಲೆ ಬಂದಿತ್ತು. ಬೀಜಕಣದ ಕವಚ ತೆಳ್ಳಗೆ ಕಂಡಿತು, ನಳಿಕೆಯದರ ಹಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಲಿಬಿಲಿಗೊಳ್ಳುತ್ತಿದ್ದರು. ಸ್ಲೈಡು ಒಣಗಿದೆ ಎಂದು ನಾನು ಒಂದೇ ನೋಟಕ್ಕೆ ತಿಳಿದುಕೊಂಡು ಸಹಿ ಹಾಕಿದೆ. ಅನುಭವ ಎಂದರೆ ಅದು. ತೋಟ ಸುಟ್ಟ ಮಾರನೆಯ ದಿನ ಆ ಮನುಷ್ಯ ಒಂದು ಚೀಲ ಬೂದಿ ತಂದು ನಮ್ಮ ಮೆಟ್ಟಿಲ ಮೇಲೆ ಸುರಿದು, ನನ್ನ ವಂಶವನ್ನೆಲ್ಲ ಬೈದು ಹೋದ. ಅದೇ ವಾರ ನನ್ನ ಇನ್ನೊಂದು ಸಹಿಗೆ ಅವನ ಪಕ್ಕದ ತೋಟವೂ ಬೆಂಕಿಗೆ ಹೋಯಿತು. ಆ ತೋಟದವನು ತುಟಿ ಬಿಚ್ಚಲಿಲ್ಲ. ಬೂದಿಗೂ ಹೆದರದವಳು ಒಂದು ಹಾಳೆಗೆ ಹೆದರುತ್ತೇನೆಯೇ?


ಮಾರ್ಚ್ 5, ಬುಧವಾರ

ನರ್ಸರಿಯ ಹೆಂಗಸು ಬಂದು ನನ್ನ ಕೋಣೆಯೆದುರಿನ ಬೆಂಚಿನ ಮೇಲೆ ಕೂತಳು. ನನ್ನದೇ ವಯಸ್ಸು. ಉಗುರಿನ ಸಂದಿಯಲ್ಲಿ ಮಣ್ಣು, ಕಂಕುಳಲ್ಲಿ ಛತ್ರಿ.

“ಸಹಿ ಮಾಡಿದ್ದು ನೀವೇನಾ?”

“ನಾನೇ.”

“ತಾಯಿಮರ ನಮ್ಮಮ್ಮ ನೆಟ್ಟಿದ್ದು. ಅವಳಿಗೆ ಮೂಗಿನ ತುದೀಲೇ ಕೋಪ, ನಿಮ್ಮ ಹಾಗೆ. ಮರ ಮಾತ್ರ ಒಂದು ವರ್ಷನೂ ಮುನಿಸ್ಕೊಂಡಿಲ್ಲ.”

“ಮರಕ್ಕೆ ರೋಗ ಇದೆ.”

“ಹಣ್ಣಲ್ಲಿ ಒಂದು ಚುಕ್ಕೆ ತೋರ್ಸಿ. ಬೆಂಕಿ ನಾನೇ ಹಚ್ತೀನಿ.”

“ಚುಕ್ಕೆ ಕಾಣೋ ಹೊತ್ತಿಗೆ ಅಕ್ಕಪಕ್ಕದ ತೋಟನೂ ಹೋಗಿರುತ್ತೆ. ಮನೆಗೆ ಹೋಗಿ.”

“ನರ್ಸರಿಗೆ ಬೀಗ ಹಾಕಿದೀರ. ಮನೇಲಿ ಕೂತು ಗೋಡೆ ನೋಡ್ಲಾ? ಇಲ್ಲಾದ್ರೆ ನಿಮ್ಮನ್ನ ನೋಡ್ತೀನಿ.”

ಬಾಗಿಲು ಮುಚ್ಚುವ ತನಕ ಕೂತಿದ್ದಳು. ನೀರು ಕುಡಿಯಲು ಹೋಗಬೇಕಾದರೂ ಅವಳ ಮುಂದೆಯೇ ಹಾದು ಹೋಗಬೇಕು. ಇಡೀ ದಿನ ಬಾಯಾರಿಕೊಂಡೇ ಕೆಲಸ ಮಾಡಿದೆ.


ಮಾರ್ಚ್ 6, ಗುರುವಾರ

ಬೆಳಿಗ್ಗೆ ಅತ್ತೆ ಒಂದು ಬ್ರೆಡ್ಡಿನ ತುಂಡು ತಂದು ನನ್ನ ಮೂಗಿನ ಹತ್ತಿರ ಹಿಡಿದರು. “ಊರಿನ ಬೂಸ್ಟಿಗೆಲ್ಲ ಹೆಸರಿಡ್ತೀಯ. ಮನೆ ಬೂಸ್ಟು ಮಾತ್ರ ನಾನೇ ಎಸೀಬೇಕಾ?”

ಮನೆಯವರು ಪೇಪರಿನ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು.

ಬೆಂಚಿನ ಮೇಲೆ ಇವತ್ತೂ ಅವಳೇ.


ಮಾರ್ಚ್ 10, ಸೋಮವಾರ

ನಾಲ್ಕಕ್ಷರದವಳ ಮೇಲೆ ಮುಖ್ಯಸ್ಥರಿಗೆ ದೂರು ಕೊಡಲು ಹೋದೆ. ನಾವು ಅವರನ್ನು ಇಸ್ತ್ರಿ ಸಾಹೇಬರು ಎನ್ನುತ್ತೇವೆ. ಅವರು ಕುರ್ಚಿಯಲ್ಲಿ ಕೂತಾಗಲೂ ಅವರ ಅಂಗಿ ನಿಂತೇ ಇರುತ್ತದೆ. ಒಳಗೆ ಕರೆದು ಫೋನಿನಲ್ಲಿ ಮಾತಾಡುತ್ತ ನನ್ನನ್ನು ಕಾಯಿಸಿದರು. ಕಾಯುತ್ತ ನಿಂತವಳು ಅವರ ಕುರ್ಚಿಯ ಹಿಂದಿನ ಕುಂಡದ ಗಿಡದಿಂದ ಒಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡೆ. ಸುಮ್ಮನೆ ಅಲ್ಲ. ಆ ದಾಯಾದಿ ಬೂಸ್ಟು ಲೋಕದ ಎಲ್ಲ ಗಿಡಗಳ ಎಲೆಯಲ್ಲೂ ಸಾಧುವಿನ ಹಾಗೆ ಇರುತ್ತದಂತೆ, ಕೇಡಿ ಮಾತ್ರ ನಿಂಬೆಯ ಬಳಗ ಬಿಟ್ಟು ಹೋಗುವುದಿಲ್ಲವಂತೆ. ಸರಿ, ಇಲ್ಲಿಯ ಗಿಡಗಳ ಎಲೆ ತಟ್ಟೆಯಲ್ಲಿಟ್ಟು ನೋಡೋಣ. ಏನೂ ಬೆಳೆಯದಿದ್ದರೆ ನಾಲ್ಕಕ್ಷರದವಳ ಬಾಯಿ ಮುಚ್ಚಿತು. ಗೇಟಿನ ಪಕ್ಕದ ಬೇಲಿಯಿಂದಲೂ ಒಂದಿಷ್ಟು ಕಿತ್ತೆ.

ಸಾಹೇಬರು ಫೋನ್ ಇಟ್ಟು, “ನೀವಿಬ್ಬರೂ ಮಾತಾಡಿ ಬಗೆಹರಿಸ್ಕೊಳ್ಳಿ. ಸುಡೋ ದಿನ ಮಾತ್ರ ಬದಲಾಗಲ್ಲ,” ಎಂದರು.

ನೇರ ಜೀನ್ ಕೋಣೆಗೆ ಹತ್ತಿದೆ.

“ಒಂದೇ ಜೀನು ನೋಡಿ ತೀರ್ಮಾನ ಮಾಡೋದು ಮೂಗು ನೋಡಿ ಅಣ್ಣತಮ್ಮ ಅಂದ ಹಾಗೆ. ಮೂರು ನೋಡು. ಆಮೇಲೆ, ಲೋಕದವರೆಲ್ಲ ತಂದು ಸುರಿದಿರೋ ಆ ಜೀನ್ ಭಂಡಾರದಲ್ಲಿ ಹೆಸರುಗಳು ಸರಿ ಇವೆ ಅಂತ ಯಾರು ಕಂಡಿದ್ದಾರೆ? ನಮ್ಮ ಗುರುಗಳ ನಳಿಕೆ ಇದೆ. ಅದನ್ನ ಓದ್ಸು, ಅದರ ಜೊತೆ ಹೋಲ್ಸು.”

ಅವಳ ಮುಖ ಅರಳಿತು. “ಅದನ್ನೇ ಕೇಳ್ಬೇಕು ಅಂತಿದ್ದೆ ಮೇಡಂ. ಫ್ರಿಜ್ಜಿನ ಬೀಗದ ಕೈ ನೀವು ಕೊಡಲ್ಲ ಅಂದ್ಕೊಂಡಿದ್ದೆ.”

ಅರಳಲು ಇದರಲ್ಲಿ ಏನಿದೆ? ಬೀಗದ ಕೈ ಕೊಡಲಿಲ್ಲ. ನಾನೇ ತೆಗೆದು ತಂದು, ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ನಂಬಿಕೆಯಿಲ್ಲದ ಕಡೆ ಕಣ್ಣಾದರೂ ಇರಲಿ.


ಮಾರ್ಚ್ 14, ಶುಕ್ರವಾರ

ಇವರ ಕೆಲಸ ಹೀಗೆ: ಬೂಸ್ಟನ್ನು ಅರೆದು, ಏನೇನೋ ನೀರಿನಲ್ಲಿ ಅದ್ದಿ, ಒಳಗಿನ ಜೀನನ್ನು ಹೊರಗೆಳೆದು, ಒಂದನ್ನು ಕೋಟಿ ಮಾಡಿ, ಯಂತ್ರಕ್ಕೆ ಕೊಡುವುದು. ಯಂತ್ರ ಬಣ್ಣದ ಗುಡ್ಡಗಳ ಸಾಲು ಬರೆಯುತ್ತದೆ. ಒಂದೊಂದು ಗುಡ್ಡಕ್ಕೆ ಒಂದೊಂದು ಅಕ್ಷರ. ಆಮೇಲೆ ಎರಡು ಮಾದರಿಗಳ ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟು ಎಲ್ಲಿ ಬೇರೆಯಾಗಿವೆ ಎಂದು ಹುಡುಕುವುದು. ಇದಕ್ಕಿಷ್ಟು ಜಂಬ.

ಸಾಲನ್ನು ನೋಡುತ್ತಿದ್ದವಳು ನಡುವೆ ತಡೆದೆ. “ಇಲ್ಲಿ ಗುಡ್ಡದ ಒಳಗೆ ಇನ್ನೊಂದು ಗುಡ್ಡ ಇದೆಯಲ್ಲ?”

“ಸಣ್ಣದು ಮೇಡಂ. ಯಂತ್ರದ ಗದ್ದಲ.”

“ಗದ್ದಲ ಅಂದ್ರೆ ಎಲ್ಲ ಕಡೆ ಇರ್ಬೇಕಿತ್ತು. ಇಲ್ಲಿಂದಾಚೆಗೆ ಮಾತ್ರ ಇದೆ. ತಟ್ಟೇಲಿ ಇನ್ನೊಂದು ಬೂಸ್ಟು ಸೇರ್ಕೊಂಡಿದೆ. ಎರಡರ ಜೀನು ಒಟ್ಟಿಗೆ ಓದ್ಸಿದೀಯ.”

ತಟ್ಟೆ ತಂದು ಬೆಳಕಿಗೆ ಹಿಡಿದೆವು. ಅಂಚಿನಲ್ಲಿ ಬಿಳಿ ಎಳೆಯಷ್ಟು ಬೇರೆ ಬೂಸ್ಟು. ಅವಳಿಗೆ ಕಂಡೇ ಇರಲಿಲ್ಲ. ಚೆನ್ನಾಗಿ ಬೈದೆ. ಒಂದೇ ಬೀಜಕಣ ಹೆಕ್ಕಿ ಬೆಳೆಸುವುದು ಹೇಗೆಂದು ಸೂಜಿ ಹಿಡಿದು ತೋರಿಸಿಕೊಟ್ಟೆ. ನನ್ನ ತಟ್ಟೆಗಳೆಲ್ಲ ಹಾಗೇ ಬೆಳೆಸಿದ್ದು, ಒಂದರಲ್ಲೂ ಕಲಬೆರಕೆಯಿಲ್ಲ. ಎಲ್ಲವನ್ನೂ ಹೊಸದಾಗಿ ಅವುಗಳಿಂದಲೇ ಓದಿಸು ಎಂದೆ.

“ಆಯ್ತಕ್ಕ,” ಎಂದಳು.

ಯಾರು ಇವಳ ಅಕ್ಕ?


ಮಾರ್ಚ್ 19, ಬುಧವಾರ

ನರ್ಸರಿಯ ಮಾದರಿಯೂ ಗುರುಗಳ ನಳಿಕೆಯೂ ಒಂದೇ. ಮೂರು ಜೀನಿನಲ್ಲೂ ಒಂದೇ. ನನ್ನ ಕಣ್ಣು ತಪ್ಪಿಲ್ಲ ಎಂದು ನಾನು ಹೇಳಿರಲಿಲ್ಲವೇ?

ಆದರೆ ಎರಡೂ ಕೇಡಿಯ ಕೊಂಬೆಯಲ್ಲಿಲ್ಲ.

ಅವಳು ವಂಶಾವಳಿಯ ಚಿತ್ರ ಬರೆಸಿದ್ದಳು. ಒಂದು ಕೊಂಬೆಯಲ್ಲಿ ಲೋಕದ ಬೇರೆಬೇರೆ ಕಡೆ ಚುಕ್ಕೆ ಬಿದ್ದ ಹಣ್ಣಿನಿಂದ ತೆಗೆದ ಬೂಸ್ಟುಗಳು. ಇನ್ನೊಂದರಲ್ಲಿ ಕಂಡಕಂಡ ಗಿಡಗಳ ಎಲೆಯಿಂದ ತೆಗೆದ ಸಾಧುಗಳು. ನರ್ಸರಿಯ ಎಲೆಯದು ಸಾಧುಗಳ ಕೊಂಬೆಯಲ್ಲಿದೆ. ನಮ್ಮ ನಳಿಕೆಯೂ ಅದರ ಮಗ್ಗುಲಲ್ಲೇ ಕೂತಿದೆ. ಮೈಮೇಲೆ ಕೇಡಿಯ ಹೆಸರು, ಗುರುಗಳ ದುಂಡು ಅಕ್ಷರದಲ್ಲಿ.

ನಾನು ಕೇಡಿಯನ್ನು ಗುರುತಿಸಲು ಕಲಿತಿದ್ದೇ ಆ ನಳಿಕೆ ನೋಡಿ.

ಮತ್ತೊಮ್ಮೆ ಓದಿಸು ಎಂದೆ. ಓದಿಸಿದಳು. ಅದೇ ಬಂತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಇವಳು ಟೀ ತಂದಿಟ್ಟಳು. ಅದೂ ಸಿಟ್ಟು ಬರಿಸಿತು.


ಮಾರ್ಚ್ 23, ಭಾನುವಾರ

ಗುರುಗಳ ಮನೆಗೆ ಹೋದೆ. ನಿವೃತ್ತರಾದ ಮೇಲೆ ಮಗಳ ಮನೆಯ ಮೂರನೆಯ ಮಹಡಿಯಲ್ಲಿದ್ದಾರೆ. ಕಿಟಕಿಯ ಪಕ್ಕ ಕೂತು ರೇಡಿಯೋ ಬಿಚ್ಚಿ ಹರವಿಕೊಂಡಿದ್ದರು. ಕಿವಿ ಮಂದ. ನಾನು ಗಟ್ಟಿಯಾಗಿ ಮಾತಾಡಬೇಕಾಯಿತು. ಹೇಗೂ ಗಟ್ಟಿಯಾಗಿಯೇ ಮಾತಾಡುವವಳಿದ್ದೆ.

“ಆ ಕಪ್ಪುಚುಕ್ಕೆ ನಳಿಕೆ ಎಲ್ಲಿಂದ ತಂದಿದ್ರಿ ಸಾರ್?”

“ಅದಾ? ನಮ್ಮ ಲ್ಯಾಬಿನ ಹಿತ್ತಲಲ್ಲಿ ಒಂದು ನಿಂಬೆಮರ ಇತ್ತಮ್ಮ. ಅದರ ಕೆಳಗೆ ಬಿದ್ದಿದ್ದ ಎಲೆಯಿಂದ.”

“ರೋಗ ಬಿದ್ದ ಹಣ್ಣಿಂದ ಅಲ್ವಾ?”

“ಹಣ್ಣಿನ ಕಾಲ ಆಗಿರಲಿಲ್ಲ. ಪಾಠಕ್ಕೆ ಒಂದು ಮಾದರಿ ಬೇಕಿತ್ತು. ಬೀಜಕಣ ಪುಸ್ತಕದ ಚಿತ್ರದ ಹಾಗೇ ಇತ್ತು. ಹೆಸರು ಬರೆದೆ.”

ಜೀನಿನ ವಿಷಯ ಎಲ್ಲ ಹೇಳಿದೆ. ತಲೆಯಾಡಿಸುತ್ತ ಕೇಳಿದರು.

“ಆಗ ಇಬ್ಬರಿದ್ದಾರೆ ಅಂತ ಯಾರಿಗೆ ಗೊತ್ತಿತ್ತು? ಒಂದೇ ಕೊಡೆ ಕೆಳಗೆ ಇಬ್ಬರು ನಿಂತಿದ್ರು. ನಾವು ಕೊಡೆ ನೋಡಿ ಹೆಸರಿಟ್ವಿ.”

“ಹಿತ್ತಲ ಎಲೆ ಅಂತ ನಳಿಕೆ ಮೇಲೆ ಬರೀಬಹುದಿತ್ತಲ್ಲ ಸಾರ್. ನಾವು ಅದನ್ನ ದೇವರ ಹಾಗೆ ಇಟ್ಕೊಂಡಿದೀವಿ.”

“ದೇವರು ಮಾಡು ಅಂತ ನಾನು ಹೇಳಿದ್ನಾ? ನೋಡು ಅಂತ ಕೊಟ್ಟಿದ್ದು.” ರೇಡಿಯೋದ ಕಡೆಗೆ ಬಾಗಿ, “ಕೋಪ ಬಂದಿದೆ ಅಲ್ವಾ? ಬರಲಿ. ಈಗೀಗ ಇಲ್ಲಿಗೆ ಯಾರೂ ಕೋಪ ಮಾಡ್ಕೊಂಡು ಬರಲ್ಲ. ಎಲ್ಲ ಹಣ್ಣು ಹಿಡ್ಕೊಂಡು ಬರ್ತಾರೆ. ತಿಂದು ಸಾಕಾಗಿದೆ,” ಎಂದರು.

ಹೊರಡುವಾಗ ರೇಡಿಯೋದ ಒಂದು ಸ್ಕ್ರೂ ನನ್ನ ಕಾಲ ಕೆಳಗೆ ಸಿಕ್ಕಿತು. ಎತ್ತಿ ಅವರ ಕೈಗೆ ಕೊಟ್ಟು ಬಂದೆ. ಇಡೀ ದಾರಿ ಬೈಯುತ್ತಲೇ ಬಂದೆ. ಅವರನ್ನೋ, ಆ ನಿಂಬೆಮರವನ್ನೋ, ಗೊತ್ತಿಲ್ಲ.


ಮಾರ್ಚ್ 24, ಸೋಮವಾರ

ಬೇಲಿಯ ಎಲೆಯಿಂದ ಬೆಳೆದದ್ದು ಸಾಧು. ಇಸ್ತ್ರಿ ಸಾಹೇಬರ ಕುಂಡದ ಗಿಡದ್ದೂ ಸಾಧು. ಅಕ್ಷರ ಅಕ್ಷರಕ್ಕೆ ನರ್ಸರಿಯದರ ಜೊತೆ ಹೊಂದುತ್ತದೆ.

ಬೆಂಚಿನ ಮೇಲಿನ ಹೆಂಗಸನ್ನು ಒಳಗೆ ಕರೆದೆ. ಸಸಿಗಳಿಗೆ ಈಚೆಗೆ ಏನಾದರೂ ಮಾಡಿದ್ದಿರಾ ಎಂದು ಕೇಳಿದೆ.

“ಏನೂ ಇಲ್ಲ. ಹಳೇ ನೆರಳುಬಲೆ ಹರಿದಿತ್ತು, ತೆಗೆದ್ವಿ. ಹೊಸದು ಹಾಕೋಷ್ಟರಲ್ಲಿ ಒಂದು ವಾರ ಆಯ್ತು. ಹುಳ ಬಂದಿತ್ತು ಅಂತ ಬೇವಿನೆಣ್ಣೆ ಹೊಡೆದೆ.”

“ಬಿಸಿಲಲ್ಲಿ? ನೆರಳಿಲ್ದೆ? ಎಣ್ಣೆ?”

“ಮತ್ತೆ ಹುಳಕ್ಕೆ ಬಾ ಅಂತ ಮಣೆ ಹಾಕ್ಬೇಕಿತ್ತಾ?”

“ಎಲೆ ಹುರಿದಿದೀರ. ಆ ಚುಕ್ಕೆ ಬಿಸಿಲಿಗೆ ಸುಟ್ಟಿದ್ದು. ಸತ್ತ ಜಾಗದಲ್ಲಿ, ಒಳಗೆ ಸುಮ್ನಿದ್ದ ಬೂಸ್ಟು ಎದ್ದು ಬಂದಿದೆ.”

ಅವಳನ್ನು ಅರ್ಧ ಗಂಟೆ ಬೈದೆ. ಅವಳೂ ಬಿಡಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಇಬ್ಬರ ಟೀಯೂ ಆರಿಹೋಗಿತ್ತು. ನಮ್ಮ ಹುಡುಗಿ ಬಿಸಿ ಮಾಡಿ ತಂದಳು.


ಮಾರ್ಚ್ 26, ಬುಧವಾರ

ಹೊಸ ವರದಿ ಹಿಡಿದು ಸಾಹೇಬರ ಕೋಣೆಗೆ ಹೋದೆವು, ನಾನೂ ಹುಡುಗಿಯೂ.

“ಹೊಸ ವರದಿ ಯಾಕೆ?” ಎಂದರು. “ನೀವೇ ಕಣ್ಣಿಂದ ನೋಡಿ ಸಹಿ ಮಾಡಿದೀರಿ. ಇಪ್ಪತ್ತೆಂಟು ವರ್ಷದ ಅನುಭವ. ನನಗೆ ಅದು ಸಾಕು.”

ರಕ್ತ ತಲೆಗೇರಿತು. “ಕಣ್ಣು ಸಾಕಾಗೋದಾದ್ರೆ ಮೇಲಿನ ಮಹಡೀಲಿ ಆ ಯಂತ್ರ ಯಾಕೆ ಇಟ್ಟಿದೀರಿ, ಅದರ ಮೇಲೆ ಅಂಗಿ ಒಣಗಿಸೋಕಾ? ಈ ಎರಡು ಬೂಸ್ಟನ್ನ ಕಣ್ಣಿಂದ ಬೇರೆ ಮಾಡ್ತೀನಿ ಅನ್ನೋದು ಬರೀ ಜಂಬ ಸಾರ್.”

ಹುಡುಗಿ ನೆಲ ನೋಡುತ್ತಿದ್ದಳು. ಅವಳ ಭುಜ ಕುಲುಕುತ್ತಿತ್ತು. ಹೆದರಿರಬೇಕು ಪಾಪ.

“ಒಂದು ಮಾತು ಕೇಳ್ತೀನಿ,” ಎಂದೆ. “ಆ ಬೂಸ್ಟು ಇದ್ದ ಕಡೆ ಎಲ್ಲ ಸುಡ್ಬೇಕು ತಾನೆ?”

“ನಿಯಮ ಇದೆಯಲ್ಲ.”

“ಹಾಗಾದ್ರೆ ಈ ಕೋಣೆಯಿಂದ ಶುರು ಮಾಡೋಣ. ಕುರ್ಚಿ ಆಚೆ ಇಡಿಸಿ. ನಿಮ್ಮ ಬೆನ್ನ ಹಿಂದಿನ ಕುಂಡದಲ್ಲಿರೋದೂ ಅದೇ ಬೂಸ್ಟು.” ಹಾಳೆಯನ್ನು ಮುಂದಿಟ್ಟೆ.

ಸಾಹೇಬರು ಗಿಡವನ್ನು ತಿರುಗಿ ನೋಡಿದರು. ಅವರ ಅಂಗಿಗೆ ಸುಕ್ಕು ಬಿದ್ದಿದ್ದನ್ನು ನಾನು ಮೊದಲ ಸಲ ಕಂಡೆ.

ಹಾಳೆಯನ್ನು ಕೊನೆಯ ತನಕ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು. “ಎರಡು ವರದಿ ಒಟ್ಟಿಗೆ ಮೇಲೆ ಕಳಿಸೋಕಾಗಲ್ಲಮ್ಮ. ಮೊದಲನೇದನ್ನ ವಾಪಸ್ ತಗೋಬೇಕು. ‘ನಾನು ಗುರುತಿಸಿದ್ದು ತಪ್ಪು’ ಅಂತ ನೀವೇ ಬರ್ಕೊಡ್ಬೇಕು. ಹಾಗೆ ಬರೆದ್ರೆ ನೀವು ಹಿಂದೆ ಕಪ್ಪುಚುಕ್ಕೆ ಅಂದ ಒಂದೊಂದನ್ನೂ ಜನ ಕೇಳ್ತಾರೆ. ಎರಡು ವರ್ಷಕ್ಕೆ ನಿವೃತ್ತಿ ನಿಮಗೆ. ಯೋಚನೆ ಮಾಡಿ. ನಾಳೆ ಸಂಜೆಯೊಳಗೆ ಬರದಿದ್ರೆ ನಾಡಿದ್ದು ಬೆಂಕಿ.”


ಮಾರ್ಚ್ 27, ಗುರುವಾರ

ಬೆಳಿಗ್ಗೆಯಿಂದ ಬರೆದೆ. ಎಂಟು ಪುಟ. ನಳಿಕೆಯ ಇತಿಹಾಸ, ಗುರುಗಳ ಹಿತ್ತಲು, ಜಾತಿಗಳನ್ನು ಬೇರ್ಪಡಿಸುವ ಕಷ್ಟ, ಮೂರು ಜೀನಿನ ಲೆಕ್ಕ, ನೆರಳುಬಲೆ. ಒಂದು ಕಡೆಯೂ ತಪ್ಪಿಲ್ಲದ ಬರಹ. ಸಾಹೇಬರು ಪುಟ ತಿರುವಿ, “ಎಲ್ಲ ಇದೆ. ಆ ಒಂದು ಸಾಲು ಎಲ್ಲಿ?” ಎಂದು ವಾಪಸ್ ಕೊಟ್ಟರು.

ಕಣ್ಣು ತಪ್ಪಿಲ್ಲ. ಇದ್ದದ್ದನ್ನು ಇದ್ದ ಹಾಗೇ ನೋಡಿದೆ. ನಳಿಕೆಯ ಜೊತೆ ಸರಿಯಾಗಿಯೇ ಹೊಂದಿಸಿದೆ. ಮತ್ತೆ ‘ನಾನು’ ಎಂದು ಯಾಕೆ ಬರೆಯಬೇಕು?

ಹೊತ್ತು ಮೀರಿ ಊಟಕ್ಕೆ ಮನೆಗೆ ಬಂದಾಗ ಪಾತ್ರೆಗಳನ್ನು ಕುಕ್ಕಿದೆ. ಅತ್ತೆ ಕೇಳಿದರು, “ಇವತ್ತು ಯಾರ ಸರದಿ?”

“ಕಣ್ಣಿಂದ ನೋಡಿದ್ರೆ ಸಾಕು, ಜೀನು ಬೇಡ ಅನ್ನೋರು.”

“ಈ ತಿಂಗಳ ಮೊದಲಲ್ಲಿ ಜೀನಿನವರನ್ನ ಬೈತಿದ್ದೆ. ನಾಲ್ಕಕ್ಷರ, ಅದು ಇದು ಅಂತ.”

“ನಾನು ಯಾವತ್ತೂ ಹಾಗಂದಿಲ್ಲ.”

“ಆಯ್ತಮ್ಮ, ಅಂದಿಲ್ಲ. ನಾಲ್ಕು ಗಂಟೆ ಆಗ್ತಾ ಬಂತು, ಆ ಹೆಂಗಸಿನ ಮರ ಏನಾಗುತ್ತೆ ಅದನ್ನ ನೋಡು.”

ಲ್ಯಾಬಿಗೆ ವಾಪಸ್ ಹೋದೆ. ಬೆಂಚಿನ ಮೇಲೆ ಅವಳಿದ್ದಳು. ಛತ್ರಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳು ಬೈದಿದ್ದರೆ ಒಂದು ಸಾಲೂ ಬರೆಯುತ್ತಿರಲಿಲ್ಲ.

ಬರೆದೆ. ‘ನಾನು’ ಎನ್ನುವಲ್ಲಿ ಪೆನ್ನು ಒತ್ತಿ ಹಾಳೆ ಹರಿಯಿತು. ಬೇರೆ ಹಾಳೆ ತೆಗೆದುಕೊಂಡೆ.


ಮಾರ್ಚ್ 28, ಶುಕ್ರವಾರ

ಬೆಂಕಿಯಿಲ್ಲ. ಬೀಗ ತೆಗೆಸಲು ನಾನೇ ಹೋದೆ.

ತಾಯಿಮರ ಚೆನ್ನಾಗಿದೆ. ಸಸಿಗಳಲ್ಲಿ ಅರ್ಧ ಒಣಗಿ ನಿಂತಿವೆ. ಬೀಗ ಹಾಕಿದವರು ನೀರು ಬಿಡಲಿಲ್ಲ, ಅವಳನ್ನೂ ಒಳಗೆ ಬಿಡಲಿಲ್ಲ. ನಾಲ್ಕು ವಾರದ ಬಿಸಿಲು.

ಅವಳು ಒಂದು ಕುಂಡವನ್ನು ಎತ್ತಿ ನನ್ನೆದುರು ಹಿಡಿದಳು. “ಇದಕ್ಕೆ ಯಾವ ಬೂಸ್ಟು ಅಂತ ಬರೀತೀರ?”

ಉಪಕಾರವಾಯಿತು ಎಂಬ ಒಂದು ಮಾತಿಲ್ಲ. ನನಗೂ ಸಿಟ್ಟು ಬಂತು. ಸಿಟ್ಟಿನಲ್ಲೇ ಕೊಳವೆ ಹಿಡಿದು ಸಂಜೆಯ ತನಕ ಅವಳ ಜೊತೆ ನೀರು ಹಾಕಿದೆ. ಸೀರೆಯ ಅಂಚೆಲ್ಲ ಕೆಸರು.


ಏಪ್ರಿಲ್ 3, ಗುರುವಾರ

ಹಳೆಯ ವರದಿಗಳನ್ನು ಯಾರಾದರೂ ಕೇಳಲಿ ಎಂದು ಕಾಯುವುದು ನನ್ನಿಂದಾಗದು. ಒಣಗಿದ ಎಲೆಯಲ್ಲೂ ಜೀನು ಉಳಿದಿರುತ್ತದಂತೆ. ಉಗ್ರಾಣ ತೆಗೆಸಿ ನಾನು ಕಪ್ಪುಚುಕ್ಕೆ ಎಂದ ಎಲೆಗಳ ಲಕೋಟೆ ಎಲ್ಲ ಕೆಳಗಿಳಿಸಿದೆ. ಸೀನು ನಿಲ್ಲುತ್ತಿಲ್ಲ.

“ಯಾವುದರಿಂದ ಶುರು ಮಾಡೋಣ ಅಕ್ಕ?” ಎಂದಳು ನಮ್ಮವಳು.

ಬೂದಿಯವನದು ಕೊಟ್ಟೆ. ಅವನ ಬೈಗುಳ ಇನ್ನೂ ನನ್ನ ಕಿವಿಯಲ್ಲಿದೆ.


ಏಪ್ರಿಲ್ 17, ಗುರುವಾರ

ಬೂದಿಯವನ ತೋಟದ್ದು ಕೇಡಿಯೇ. ಮೂರು ಜೀನಿನಲ್ಲೂ ಕೇಡಿ. ಕವಚ ತೆಳ್ಳಗೆ ಕಂಡಿದ್ದು ಸ್ಲೈಡು ಒಣಗಿದ್ದಕ್ಕಲ್ಲ. ಕೇಡಿಯ ಕವಚ ಇರುವುದೇ ತೆಳ್ಳಗೆ, ಸಾಧುವಿನದು ದಪ್ಪ.

ಸುಟ್ಟಿದ್ದು ಸರಿಯಾಯಿತು. ಹುಡುಗಿ ನನ್ನ ಕೈ ಹಿಡಿದು ಕುಲುಕಿದಳು. ಕೈ ಕೊಡವಿಕೊಂಡೆ. ಸಂತೋಷವಾಗಬೇಕಿತ್ತು. ಯಾಕೆ ಆಗುತ್ತಿಲ್ಲವೋ ಎಂದು ಇನ್ನಷ್ಟು ಸಿಟ್ಟು.


ಏಪ್ರಿಲ್ 22, ಮಂಗಳವಾರ

ಬೂದಿಯವನು ಈಗ ಬಸ್‌ಸ್ಟ್ಯಾಂಡಿನ ಹಿಂದೆ ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟಿದ್ದಾನೆ. ಕೂದಲೆಲ್ಲ ಬೆಳ್ಳಗಾಗಿದೆ. ನಾನು ಬಾಯಿ ತೆರೆಯುವ ಮೊದಲೇ ಗುರುತು ಹಿಡಿದ.

“ಬೂದಿ ಬೇಕಿತ್ತಾ? ಖಾಲಿಯಾಗಿದೆ.”

“ನಿಮ್ಮ ತೋಟದ ಎಲೆ ಮತ್ತೆ ಪರೀಕ್ಷೆ ಮಾಡಿದ್ವಿ.”

ಯಂತ್ರ ನಿಲ್ಲಿಸಿದ. “ಏನಂತೆ?”

“ಕಪ್ಪುಚುಕ್ಕೆನೇ. ಸುಟ್ಟಿದ್ದು ಸರಿ.”

“ಅದನ್ನ ಆವತ್ತೇ ಹೇಳಿದ್ರಲ್ಲ. ಇನ್ನೊಂದ್ಸಲ ಹೇಳೋಕೆ ಇಷ್ಟು ದೂರ ಬಂದ್ರಾ?”

“ಆವತ್ತು ಹೇಳಿದ್ದೆ. ನನಗೆ ಗೊತ್ತಿರಲಿಲ್ಲ.”

ಅರ್ಧ ಕೊರೆದ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನನ್ನನ್ನು ನೋಡಿದ. “ಗೊತ್ತಿಲ್ದೆ ಸುಡಿಸಿದ್ರಾ?”

“ಗೊತ್ತು ಅಂದ್ಕೊಂಡಿದ್ದೆ. ಎರಡು ಬೂಸ್ಟಿವೆ. ಆಗ ನಾನು ಎರಡನ್ನೂ ಒಂದೇ ಅಂತಿದ್ದೆ. ನಿಮ್ಮದರಲ್ಲಿ ಹೇಗೋ ಸರಿಹೋಯ್ತು.”

“ಹದಿಮೂರು ವರ್ಷ ನಿಮ್ಮನ್ನ ಬೈಕೊಂಡೇ ಬದುಕಿದೀನಿ. ಈಗ ಬೈಯೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ.”

“ಬೈಯಿರಿ. ಅದಕ್ಕೇನು, ಇನ್ನೂ ಜಾಗ ಇದೆ.”

ಬೈಯಲಿಲ್ಲ. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಕೂತೆ. ಗಿರಾಕಿಯೊಬ್ಬ ಬಂದು, ನಮ್ಮಿಬ್ಬರ ಮುಖ ನೋಡಿ ಹೊರಟುಹೋದ.

“ನನ್ನ ಪಕ್ಕದ ತೋಟದವನದು?” ಎಂದು ಕೇಳಿದ.

“ಇನ್ನೂ ಓದ್ಸಿಲ್ಲ.”

“ನನ್ನದು ಮೊದಲು ಯಾಕೆ ತೆಗೆದ್ರಿ? ನಾನು ಬೂದಿ ಹಾಕ್ದೆ ಅಂತ ತಾನೆ?”

ಮೇಜಿನ ಮೇಲಿದ್ದ ಬೀಗವೊಂದನ್ನು ಎತ್ತಿ ನೋಡತೊಡಗಿದೆ.

“ಅವನು ಸುಮ್ನಿದ್ದ. ಲ್ಯಾಬಿನವರು ಓದಿದೋರು, ನೋಡಿಯೇ ಹೇಳಿರ್ತಾರೆ ಅಂತ ನನಗೇ ಸಮಾಧಾನ ಹೇಳ್ದ.” ಯಂತ್ರ ಶುರು ಮಾಡಿದ. ಆ ಸದ್ದಿನಲ್ಲಿ ಮತ್ತೆ ಮಾತು ನಡೆಯಲಿಲ್ಲ.

ನೇರ ಉಗ್ರಾಣಕ್ಕೆ ಬಂದೆ. ಪಕ್ಕದ ತೋಟದವನ ಲಕೋಟೆಯನ್ನು ನಾಳೆಗೆಂದು ಹುಡುಗಿಯ ಮೇಜಿನ ಮೇಲಿಟ್ಟು ಬಂದಿದ್ದೇನೆ. ಮನೆಗೆ ಬಂದಾಗಿನಿಂದ ಆ ಮನುಷ್ಯನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಎತ್ತರವೋ ಗಿಡ್ಡವೋ, ಮೀಸೆ ಇತ್ತೋ ಇಲ್ಲವೋ, ಏನೂ ಬರುತ್ತಿಲ್ಲ. ಅವನ ಎಲೆಯ ಬೀಜಕಣ ಮಾತ್ರ ಇಲ್ಲೇ ಎದುರಿಗಿದ್ದಂತೆ ಕಾಣುತ್ತಿದೆ. ಮೊಟ್ಟೆಯಾಕಾರ, ತುದಿಯಲ್ಲೊಂದು ಸಣ್ಣ ಬಾಲ.

ಕವಚ ದಪ್ಪಗಿತ್ತು.